ಕೆನ್ನೆಯ ಒಂದು ಭಾಗಕ್ಕೆ ಮದ್ದು, ಇನ್ನೊಂದಕ್ಕೆ ಬರೀ ಮುಲಾಮು: ಹುಟ್ಟುಮಚ್ಚೆಯ ಟ್ರಯಲ್ ನನಗೆ ಹೇಗಿತ್ತು

ನನ್ನ ಎಡಗೆನ್ನೆಯಿಂದ ಕಿವಿಯ ಕೆಳಗಿನವರೆಗೆ ಒಂದು ಪೋರ್ಟ್ ವೈನ್ ಸ್ಟೇನ್ ಇದೆ. ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿ ಹಾಗೇ ಉಳಿದುಬಿಡುವುದರಿಂದ ಬರುವ ಕೆಂಪು ಮಚ್ಚೆ ಇದು. ಸಾವಿರ ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ಮಗುವಿದ್ದಾಗ ತಿಳಿಗುಲಾಬಿ, ವಯಸ್ಸಾದ ಹಾಗೆ ಕಡುಗೆಂಪು, ಕೆಲವರಿಗೆ ದಪ್ಪವೂ ಆಗುತ್ತದೆ. ನನಗೂ ಬಣ್ಣ ಗಾಢವಾಗುತ್ತಾ ಬಂದಿತ್ತು. ಲೇಸರ್ ಜೊತೆಗೆ ಸಿರೋಲಿಮಸ್ ಮುಲಾಮು ಹಚ್ಚಿದರೆ ಮಚ್ಚೆ ಇನ್ನಷ್ಟು ತಿಳಿಯಾಗುತ್ತದಾ ಎಂದು ನೋಡುವ ಕ್ಲಿನಿಕಲ್ ಟ್ರಯಲ್ ಒಂದಕ್ಕೆ ಸೇರಿದೆ. ನನ್ನ ಪಾಲಿನದು ಈಗ ಮುಗಿದಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು, ಸಹಿ ಹಾಕುವ ಮೊದಲು ಅವರು ನನ್ನ ಜೊತೆ ಮಾತಾಡಿದ ರೀತಿಗೆ.

ಒಪ್ಪಿಗೆ ಪತ್ರ ದಪ್ಪಗಿತ್ತು. ಕೋಆರ್ಡಿನೇಟರ್ ಒಂದೊಂದೇ ಪುಟ ಓದಿ ಹೇಳಿದರು. ಶುರುವಿನಲ್ಲೇ, "ಇದನ್ನು ಚಿಕಿತ್ಸೆ ಅಂದುಕೊಂಡು ಸೇರಬೇಡಿ. ನಮಗೂ ಉತ್ತರ ಗೊತ್ತಿಲ್ಲ, ಅದಕ್ಕೇ ಮಾಡ್ತಿದ್ದೀವಿ" ಎಂದರು. ಕೊನೆಗೆ ಪತ್ರ ನನ್ನ ಕೈಗೆ ಕೊಟ್ಟು, "ಈಗ ನೀವು ನಿಮ್ಮ ಮಾತಲ್ಲಿ ನನಗೆ ಹೇಳಿ" ಎಂದರು. ಒಂದೆರಡು ಕಡೆ ತಡವರಿಸಿದೆ. ಆ ಪುಟಗಳಿಗೆ ಮತ್ತೆ ಹೋದರು. ಸಹಿಯನ್ನು ಅವತ್ತು ತೆಗೆದುಕೊಳ್ಳಲೇ ಇಲ್ಲ. ಮನೆಗೆ ಹೋಗಿ ಓದಿ, ಬೇಕಾದವರಿಗೆ ತೋರಿಸಿ ಬನ್ನಿ ಎಂದರು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಕಾರಣ ಹೇಳಬೇಕಾಗಿಲ್ಲ, ಮುಂದಿನ ಚಿಕಿತ್ಸೆಗೆ ಅದರಿಂದ ತೊಂದರೆಯಾಗದು ಎಂದು ಪತ್ರದಲ್ಲೂ ಇತ್ತು, ಬಾಯಲ್ಲೂ ಹೇಳಿದರು. ಫೋಟೋಗಳನ್ನು ಲೇಖನಗಳಲ್ಲಿ ಬಳಸಬಹುದೇ ಎನ್ನುವುದಕ್ಕೆ ಬೇರೆಯೇ ಚೌಕ ಇತ್ತು. ಬೇಡ ಎಂದು ಗುರುತು ಹಾಕಿದೆ. ಯಾರೂ ಒತ್ತಾಯ ಮಾಡಲಿಲ್ಲ.

ಆವತ್ತು ಅಮ್ಮನೂ ಬಂದಿದ್ದರು. ಈ ಮಚ್ಚೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಜಿಎನ್‌ಎಕ್ಯು ಎಂಬ ಜೀನ್‌ನ ಒಂದು ಬದಲಾವಣೆ, ಅದು 2013ರಲ್ಲಿ ಗೊತ್ತಾಯಿತು ಎಂದು ಡಾಕ್ಟರ್ ವಿವರಿಸಿದರು. ಗರ್ಭ ನಿಂತ ಮೇಲೆ ಯಾವುದೋ ಒಂದು ಜೀವಕೋಶದಲ್ಲಿ ತಾನಾಗಿ ಆಗುವ ಬದಲಾವಣೆ ಅದು. ತಂದೆತಾಯಿಯಿಂದ ಬಂದದ್ದಲ್ಲ. "ನೀವು ತಿಂದದ್ದು, ಮಾಡಿದ್ದು ಏನೂ ಇದಕ್ಕೆ ಕಾರಣ ಅಲ್ಲಮ್ಮ" ಎಂದು ಅಮ್ಮನ ಕಡೆ ತಿರುಗಿ ಹೇಳಿದರು. ಅಮ್ಮ ಎಷ್ಟು ವರ್ಷದಿಂದ ಆ ಮಾತಿಗೆ ಕಾದಿದ್ದರೋ.

ಮುಲಾಮು ಯಾಕೆ ಬೇಕು ಎನ್ನುವುದೂ ಅಲ್ಲೇ ಅರ್ಥವಾಯಿತು. ಪಲ್ಸ್ಡ್ ಡೈ ಲೇಸರ್‌ನ 595 ನ್ಯಾನೋಮೀಟರ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಆ ಬಿಸಿಗೆ ರಕ್ತನಾಳ ಮುಚ್ಚಿಹೋಗುತ್ತದೆ. ಆದರೆ ಗಾಯ ಮಾಯುವಾಗ ದೇಹ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಹಾಗಾಗಿ ಮಚ್ಚೆ ಪೂರ್ತಿ ಹೋಗುವುದು ಕಡಿಮೆ ಜನಕ್ಕೆ. ವರ್ಷಗಳ ಮೇಲೆ ಮತ್ತೆ ಕೆಂಪಾಗುವುದೂ ಉಂಟು. ಸಿರೋಲಿಮಸ್ ಹೊಸ ನಾಳ ಬೆಳೆಯುವುದನ್ನು ತಡೆಯುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಮಾತ್ರೆಯಾಗಿ ಕೊಡುವ ಮದ್ದೇ ಇದು. ಹಿಂದೆ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನಾನು ಸೇರಲು ಮನಸ್ಸು ಮಾಡಿದ್ದೇ ಅದನ್ನು ಕೇಳಿ.

ರಕ್ತಪರೀಕ್ಷೆ, ಫಾರ್ಮ್ ತುಂಬುವುದು ಎಲ್ಲ ಮಾಮೂಲಿ. ಫಿಟ್ಸ್ ಬಂದಿತ್ತಾ, ಕಣ್ಣಿನ ಒತ್ತಡ ನೋಡಿಸಿದ್ದೀರಾ ಎಂದೂ ಕೇಳಿದರು. ಮಚ್ಚೆ ಹಣೆಯಲ್ಲೋ ಕಣ್ಣುರೆಪ್ಪೆಯಲ್ಲೋ ಇದ್ದರೆ ಮೆದುಳಿಗೂ ಕಣ್ಣಿಗೂ ತಟ್ಟುವ ಸ್ಟರ್ಜ್ ವೆಬರ್ ಎಂಬ ತೊಂದರೆ ಇರಬಹುದು. ಟ್ರಯಲ್‌ಗೆ ಸೇರಲಿ ಬಿಡಲಿ, ಅಂಥ ಮಕ್ಕಳ ಕಣ್ಣನ್ನು ತಪ್ಪದೆ ತೋರಿಸಿ.

ಲೇಸರ್ ದಿನ ಮಚ್ಚೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು, ಪೆನ್ನಿನಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದರು. ಎರಡಕ್ಕೂ ಲೇಸರ್. ಆಮೇಲೆ ಒಂದು ಭಾಗಕ್ಕೆ ಒಂದು ಟ್ಯೂಬ್, ಇನ್ನೊಂದಕ್ಕೆ ಇನ್ನೊಂದು. ಒಂದರಲ್ಲಿ ಮದ್ದಿದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಯಾವುದು ಎಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಈ ಏರ್ಪಾಡು ನನಗೆ ಇಷ್ಟವಾಯಿತು. ಯಾರಿಗೂ ಬರೀ ಪ್ಲಸೀಬೊ, ಅಂದರೆ ಮದ್ದಿಲ್ಲದ ಟ್ಯೂಬ್ ಮಾತ್ರ, ಸಿಗುವುದಿಲ್ಲ ಅಲ್ವಾ?

ಕಣ್ಣಿಗೆ ಕವಚ ಹಾಕುತ್ತಾರೆ. ಪ್ರತಿ ಹೊಡೆತಕ್ಕೂ ಮೊದಲು ತಣ್ಣನೆ ಗಾಳಿಯಂಥ ಸ್ಪ್ರೇ, ತಕ್ಷಣ ಕಾದ ಎಣ್ಣೆ ಸಿಡಿದ ಹಾಗೆ ಚುರ್ ಎನ್ನುತ್ತದೆ. ಕವಚದೊಳಗೂ ಬೆಳಕು ಹೊಳೆದದ್ದು ಗೊತ್ತಾಗುತ್ತದೆ. ಸಣ್ಣ ಕೂದಲು ಸುಟ್ಟ ವಾಸನೆ. ಎದ್ದು ಕನ್ನಡಿ ನೋಡಿದರೆ ಕೆನ್ನೆ ತುಂಬಾ ನೇರಳೆ-ಬೂದು ಬಣ್ಣದ ದುಂಡು ಗುರುತುಗಳು. ಅವು ಮಾಸಲು ಒಂದೆರಡು ವಾರ ಬೇಕು. ಆಗ ಬಿಸಿಲು ತಾಗಬಾರದು, ಸನ್‌ಸ್ಕ್ರೀನ್ ಬಿಡುವಂತಿಲ್ಲ. ಕೆಲಸದ ಜಾಗದಲ್ಲಿ ಜನ ಕೇಳುತ್ತಾರೆ, ಅದಕ್ಕೆ ಮೊದಲೇ ತಯಾರಾಗಿರಿ.

ಒಂದು ಅಂಕ ಕಳೆದದ್ದು ಫೋನಿಗಾಗಿ. ಕಾರ್ಡ್ ಮೇಲೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಎಂದು ನಂಬರ್ ಇತ್ತು. ಒಂದು ರಾತ್ರಿ ಬಾವು ಕಣ್ಣಿನ ಕೆಳಗಿನವರೆಗೆ ಏರಿತು. ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ಬೆಳಿಗ್ಗೆ ಅವರೇ ಕರೆ ಮಾಡಿ, ಕರೆಸಿಕೊಂಡು ನೋಡಿದರು, ಅಡ್ಡಪರಿಣಾಮ ಎಂದು ದಾಖಲಿಸಿದರು. ಬಾವು ತಾನಾಗಿ ಇಳಿಯಿತು. ಆದರೂ ಮುಖಕ್ಕೆ ಪ್ರಯೋಗ ಮಾಡುವ ಕಡೆ ಆ ಫೋನ್ ಎತ್ತಲೇಬೇಕು.

ಮಚ್ಚೆ ತಿಳಿಯಾಗಿದೆ. ಮೇಲಿನ ಭಾಗ ಸ್ವಲ್ಪ ಜಾಸ್ತಿ ಎಂದು ನನಗೆ ಅನಿಸುತ್ತದೆ, ಆದರೆ ಅದು ಮದ್ದಿನಿಂದಲೇ ಎನ್ನಲಾರೆ. ಯಾವ ಟ್ಯೂಬ್‌ನಲ್ಲಿ ಏನಿತ್ತು ಎಂದು ಎಲ್ಲರದೂ ಮುಗಿದ ಮೇಲೆ ತಿಳಿಸುತ್ತಾರೆ. ಬೇಗ ಫಲ ಬೇಕು ಎನ್ನುವವರಿಗೆ ಇದು ಸರಿಹೋಗುವುದಿಲ್ಲ.

ಪುಟ್ಟ ಮಗುವಿಗೆ ಹುಟ್ಟಿದ ಮೇಲೆ ಬೇಗಬೇಗ ಉಬ್ಬುವ ಕೆಂಪು ಗಂಟಿದ್ದರೆ ಅದು ಹಿಮಾಂಜಿಯೋಮ ಇರಬಹುದು, ಅದರ ವಿಷಯವೇ ಬೇರೆ. ಅದಕ್ಕೆ ಪ್ರೊಪ್ರನೊಲಾಲ್ ಎಂಬ ಮದ್ದು ಕೆಲಸ ಮಾಡುತ್ತದೆ ಎಂದು 2008ರಲ್ಲೇ ಗೊತ್ತಾಗಿತ್ತು. 2015ರಲ್ಲಿ ಪ್ರಕಟವಾದ 460 ಮಕ್ಕಳ ಟ್ರಯಲ್‌ನಲ್ಲಿ, ಆರು ತಿಂಗಳು ಸರಿಯಾದ ಪ್ರಮಾಣದಲ್ಲಿ ಮದ್ದು ಸಿಕ್ಕವರಲ್ಲಿ 60%ಗೆ ಗಂಟು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಪ್ಲಸೀಬೊ ಸಿಕ್ಕವರಲ್ಲಿ 4%ಗೆ ಮಾತ್ರ. ಅಂಥ ಮಗುವನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ.

ಸೇರುವವರು ಸಹಿಗೆ ಮೊದಲು ಇಷ್ಟು ಕೇಳಿ: ಟ್ರಯಲ್ ಸಾರ್ವಜನಿಕ ನೋಂದಣಿಯಲ್ಲಿ ಇದೆಯಾ, ತೊಂದರೆಯಾದರೆ ಖರ್ಚು ಯಾರದು, ಮುಗಿದ ಮೇಲೆ ಮದ್ದು ಸಿಗುತ್ತದಾ. ಮೂರನೆಯದಕ್ಕೆ ನನಗೆ, ಮುಲಾಮು ಸಿಗುವುದಿಲ್ಲ, ಲೇಸರ್ ಮಾತ್ರ ಮುಂದುವರಿಸಬಹುದು ಎಂದು ಬರೆದೇ ಕೊಟ್ಟರು.