ತೋಟದ ರೈಟರ್, ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿ: ಕಳಿಸಬಹುದೇ?

ಭಾಷೆ, ಊರು, ಜಾತಿ ಬೇರೆಬೇರೆಯಾದವರು ಒಂದೇ ಹಾಜರಿ ಪುಸ್ತಕದಲ್ಲಿರುವಾಗ ಯಾರನ್ನೂ ಬದಿಗೆ ಸರಿಸದೆ ಕೆಲಸ ನಡೆಸುವುದು ಹೇಗೆ? ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ರೈಟರ್ (ಹಾಜರಿ, ಲೆಕ್ಕ ಬರೆಯುವವರು), ಮೇಸ್ತ್ರಿಗಳಿಗೆ, ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಮೇಲ್ವಿಚಾರಕರಿಗೆ ನಡೆಯುವ ಈ ತರಬೇತಿಯ ವಿಷಯ ಅದು. ಬೆಳಗ್ಗೆ 9.30ರಿಂದ ಸಂಜೆ 4.30, ತಂಡಕ್ಕೆ 20 ಜನ, ಊಟ ಸೇರಿ ತಲೆಗೆ 1,200 ರೂಪಾಯಿ. ಕಳಿಸುವುದಾದರೆ ಅರೇಬಿಕಾ ಕುಯ್ಲಿಗೆ ಮುಂಚೆಯೇ ಕಳಿಸಿ. ಹಣ್ಣು ಬಿಡಿಸಲು ಶುರುವಾದ ಮೇಲೆ ಕಲಿತದ್ದನ್ನು ಜಾರಿಗೆ ತರಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಬೆಳಗಿನ ಅವಧಿಗೇ ಕೊಟ್ಟ ದುಡ್ಡು ಸಾರ್ಥಕ. ಭಾಷಣವಿಲ್ಲದೆ ನೇರ ಗಿಡದ ಸಾಲು ಹಂಚಿಕೆಗೆ ಬರುತ್ತಾರೆ. ಕೆಜಿ ಲೆಕ್ಕದ ಕೂಲಿಯಲ್ಲಿ ಹಣ್ಣು ತುಂಬಿದ, ಸಮತಟ್ಟಾದ ಸಾಲು ಸಿಕ್ಕವರಿಗೂ ಇಳಿಜಾರಿನ ಸಾಲು ಸಿಕ್ಕವರಿಗೂ ಬಟವಾಡೆಯಲ್ಲಿ ದೊಡ್ಡ ಅಂತರ ಬೀಳುತ್ತದೆ. ಮೇಸ್ತ್ರಿ ದಿನವೂ ತನ್ನ ಕಡೆಯವರಿಗೇ ಒಳ್ಳೆಯ ಸಾಲು ಕೊಟ್ಟರೆ ಹೊರಗಿನಿಂದ ಬಂದವರು ಅರ್ಧ ಸೀಸನ್‌ಗೇ ಬೇರೆ ತೋಟ ಹುಡುಕುತ್ತಾರೆ. ಇಲ್ಲಿ ಹೇಳಿಕೊಡುವ ಉಪಾಯ ಸರಳ: ತೋಟದ ಒಂದೊಂದು ಬ್ಲಾಕ್‌ಗೆ (ಭಾಗಕ್ಕೆ) ಚೀಟಿ ಎತ್ತಿ, ಸರದಿ ತಿರುಗಿಸಿ, ಸಾಲಿನ ನಂಬರನ್ನು ಹಾಜರಿಯ ಪಕ್ಕದಲ್ಲೇ ಬರೆಯಿರಿ. ಹಣ್ಣು ತೀರಾ ವಿರಳವಾದ ಕಡೆ ಆ ದಿನಕ್ಕೆ ದಿನಗೂಲಿ ಕೊಡಿ.

ತೂಕದ ಪಾಠ ಇನ್ನೂ ಚೆನ್ನಾಗಿದೆ. ತಕ್ಕಡಿಯ ಮುಖ ಹಣ್ಣು ಬಿಡಿಸಿದವರ ಕಡೆಗಿರಬೇಕು. ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಬರೆದು, ಚೀಟಿ ಕೊಟ್ಟ ಮೇಲೆಯೇ ಮುಂದಿನ ಚೀಲ. ಹಣ್ಣಿನ ಜೊತೆ ಬೆರೆತ ಎಲೆ, ಕಾಯಿಗೆಂದು ಹಿಡಿಯುವ (ಕಳೆಯುವ) ತೂಕದ ಲೆಕ್ಕ ಬೆಳಗ್ಗೆಯೇ ಎಲ್ಲರಿಗೂ ಗೊತ್ತಿರಬೇಕು. ಒಬ್ಬರ ಚೀಲಕ್ಕೆ 2 ಕೆಜಿ ಹಿಡಿದು ಇನ್ನೊಬ್ಬರದ್ದನ್ನು ಹಾಗೇ ಬಿಟ್ಟರೆ ಜಗಳ ಹುಟ್ಟುವುದೇ ಅಲ್ಲಿ.

ಭಾಷೆಯ ವಿಚಾರದಲ್ಲಿ ಮುಖ್ಯವಾದ ಮಾತನ್ನೇ ಹಿಡಿದಿದ್ದಾರೆ. ಅಸ್ಸಾಂ, ಜಾರ್ಖಂಡ್ ಕಡೆಯವರ ಮಾತನ್ನು ಕರೆತಂದ ಕಂಟ್ರಾಕ್ಟರ್ ಬಾಯಲ್ಲಿ ಕೇಳಬೇಡಿ. ಕಮಿಷನ್ ಅವನಿಗೆ ಸಿಗುವಾಗ ದೂರು ಅವನನ್ನು ದಾಟಿ ಬರುವುದಿಲ್ಲ. ಗುಂಪಿನಿಂದಲೇ ಇಬ್ಬರನ್ನು, ಅದರಲ್ಲಿ ಒಬ್ಬ ಹೆಂಗಸನ್ನು ಆರಿಸಿ, ವಾರಕ್ಕೆ 15 ನಿಮಿಷ ಅವನಿಲ್ಲದೆ ಕೂತು ಮಾತಾಡಿ. ಆ ಸಮಯಕ್ಕೂ ಕೂಲಿ ಕೊಡಿ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಏಣಿ ಹೇಗೆ ನಿಲ್ಲಿಸುತ್ತೀರಿ, ತೋರಿಸಿ ಎಂದರೆ ನಿಜ ಗೊತ್ತಾಗುತ್ತದೆ.

ಮಧ್ಯಾಹ್ನದ ಭಾಗ ಸಪ್ಪೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ಸ್ಲೈಡ್‌ಗಳಲ್ಲಿ ಓಡಿಸಿಬಿಡುತ್ತಾರೆ. 10 ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ ಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು ಎನ್ನುವವರೆಗೆ ಸರಿ. ಕಂಟ್ರಾಕ್ಟರ್ ಮೂಲಕ ಬಂದ ಹೆಂಗಸಿಗೂ ಅದೇ ರಕ್ಷಣೆ ಇದೆ, ಬರೆಯಲು ಬಾರದಿದ್ದರೆ ಸಮಿತಿಯೇ ದೂರು ಬರೆಯಲು ನೆರವಾಗಬೇಕು, 10ಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು: ಗಾರ್ಬ್ಲಿಂಗ್ (ಕೆಟ್ಟ ಬೀಜ ಆರಿಸಿ ತೆಗೆಯುವ ಕೆಲಸ) ಮಾಡುವ ಹೆಂಗಸರಿಗೆ ಬೇಕಾದ ಈ ಮೂರೂ ಬಿಟ್ಟುಹೋಗಿವೆ. ಅಂಗವಿಕಲರ ಬಗ್ಗೆ ಇರುವುದು ನಾಲ್ಕು ಮಾತು ಅಷ್ಟೇ. ಕಿವಿ ಕೇಳದವರಿಗೆ ಸೀಟಿಯ ಬದಲು ಬಾವುಟ ತೋರಿಸಿ ಎನ್ನುವಷ್ಟು ಸಣ್ಣ ಉದಾಹರಣೆಯೂ ಇಲ್ಲ.

ಜಾತಿಯ ಹೆಸರನ್ನೇ ಎತ್ತದಿರುವುದು ಒಪ್ಪಲಾಗದ ಕೊರತೆ. ಮಲೆನಾಡಿನ ತೋಟದಲ್ಲಿ ಟೀ ಲೋಟ ಯಾರಿಗೆ ಯಾವುದು, ಊಟಕ್ಕೆ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಬಿಟ್ಟು ತಂಡದ ಮಾತಾಡುವುದು ಹೇಗೆ? ಒಂದೇ ನಲ್ಲಿ, ಒಂದೇ ಥರದ ಸ್ಟೀಲ್ ಲೋಟ, ತೊಳೆಯಲು ಒಂದೇ ಜಾಗ ಎಂದು ರೈಟರ್‌ಗೆ ಬಾಯಿಬಿಟ್ಟು ಹೇಳಬೇಕು. ಅದರ ಬದಲು ಹಬ್ಬದ ತಿಂಡಿ ಹಂಚಿಕೊಳ್ಳುವ ಆಟಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ.

ರೈಟರ್ ಒಬ್ಬರನ್ನೇ ಕಳಿಸಿದರೆ ಪ್ರಯೋಜನ ಕಡಿಮೆ. ಚೀಟಿ ಕೊಟ್ಟು ತೂಗಲು ಸಂಜೆ ಹೆಚ್ಚು ಹೊತ್ತು ಬೇಕು. ಅದಕ್ಕೆ ಹೂಂ ಅನ್ನಬೇಕಾದವರು ಮಾಲೀಕರು ಅಥವಾ ಮ್ಯಾನೇಜರ್. ಅವರೂ ಬೆಳಗಿನ ಅವಧಿಗಾದರೂ ಕೂರಲಿ. ಕುಯ್ಲಿನ ನಡುವೆ ತೋಟಕ್ಕೇ ಬಂದು ತೂಕದ ಹೊತ್ತಿನಲ್ಲಿ ನಿಂತು ನೋಡುವ ಅರ್ಧ ದಿನದ ಭೇಟಿಯೂ ಇದೆ, ಶುಲ್ಕ ಬೇರೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಆ ಭೇಟಿಯನ್ನೇ ಆರಿಸಿ.