ಕಾರ್ಗಿಲ್ ಮೀನು, ಸಿಂಹಮೀನು, ಹಾವುಮೀನು: ನಾಪೋಕ್ಲಿನ ಮಳೆಗೆ ಯಾವುದು ಸೈ

ಕೊಡಗಿನ ನಾಪೋಕ್ಲಿನ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಲ್ಲಿ ಈಗ ಉಳಿದಿರುವುದು ಹಾವುಮೀನು ಒಂದೇ. ಮುಂದೆಯೂ ಅದೇ ಇರುತ್ತದೆ. ಕಾರ್ಗಿಲ್ ಮೀನನ್ನು, ಅಂದರೆ ಟ್ರಿಗರ್ ಮೀನನ್ನು, ಅಂಗಡಿಯವರಿಗೆ ಅರ್ಧ ದುಡ್ಡಿಗೆ ವಾಪಸ್ ಕೊಟ್ಟೆ. ಸಿಂಹಮೀನು ಕುಶಾಲನಗರದ ಭಾವನ ಮನೆಯಲ್ಲಿ ಸುಖವಾಗಿದೆ. ಮೂರೂ ಬೇಟೆಯಾಡುವ ಜಾತಿ. ಅದೇ ನಾಲ್ಕಡಿ ಟ್ಯಾಂಕಲ್ಲಿ ಎರಡು ಮಳೆಗಾಲ ಇವುಗಳ ಜೊತೆ ಗುದ್ದಾಡಿದ್ದೇನೆ. ಕೊಳ್ಳುವಾಗ ಬೆಂಗಳೂರಿನವರ ಸಲಹೆ ಕೇಳಿದ್ದೆ, ಪಾಪ, ಅವರಿಗೆ ನಾಪೋಕ್ಲಿನ ಜುಲೈ ಎಲ್ಲಿ ಗೊತ್ತು?

ಮೊದಲು ಬಂದದ್ದು ಟ್ರಿಗರ್. ಕಪ್ಪು ಮಿಶ್ರಿತ ನೀಲಿ ಮೈ, ಕೆಂಪು ಹಲ್ಲು. ಮಂಗಳೂರು ಕಡೆ ಇದನ್ನೇ ಕಾರ್ಗಿಲ್ ಮೀನು ಅನ್ನುತ್ತಾರೆ, ಬಲೆಗೆ ರಾಶಿ ಬಿದ್ದರೆ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಅದಕ್ಕೆ ನಾನು 1,500 ರೂಪಾಯಿ ಕೊಟ್ಟ ಸುದ್ದಿ ಸಂತೆಯ ಮೀನಿನ ಗಾಡಿಯವರಿಗೆ ಮುಟ್ಟಿ, ಈಗಲೂ ನನ್ನನ್ನು ಕಂಡರೆ ನಗುತ್ತಾರೆ. ಆದರೆ ಚಂದ ಅಂದರೆ ಚಂದವೇ. ಒಂದು ವಾರದಲ್ಲಿ ಮುಖದ ಪರಿಚಯ ಮಾಡಿಕೊಂಡು, ನಾನು ಹತ್ತಿರ ಹೋದರೆ ಗಾಜಿಗೆ ಬಂದು ನಿಲ್ಲುತ್ತಿತ್ತು. ರಾತ್ರಿ ಕಲ್ಲಿನ ಸಂದಿಗೆ ನುಗ್ಗಿ ಬೆನ್ನಿನ ದೊಡ್ಡ ಮುಳ್ಳನ್ನು ಎತ್ತಿಬಿಡುತ್ತದೆ. ಅದರ ಹಿಂದಿನ ಸಣ್ಣ ಮುಳ್ಳು ಚಿಲಕದ ಹಾಗೆ ಅದನ್ನು ಹಿಡಿದುಕೊಳ್ಳುತ್ತದೆ, ಮತ್ತೆ ಎಳೆದರೂ ಬರುವುದಿಲ್ಲ. ಸಣ್ಣ ಮುಳ್ಳನ್ನು ಒತ್ತಿದರೆ ಮಾತ್ರ ದೊಡ್ಡದು ಮಡಚುತ್ತದೆ. ಕೋವಿ ಇಟ್ಟುಕೊಂಡ ಊರಿನವರಿಗೆ ಟ್ರಿಗರ್ ಅನ್ನುವ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ನನ್ನ ಗೋಳು ಪೂರ್ತಿ ಗಾಳಿ ಪೈಪಿನದ್ದು.

ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟು ಎರಡು ದಿನವೂ ಬಾರದೆ ಇರಬಹುದು, ನಾಲ್ಕು ದಿನವೂ. ಇನ್ವರ್ಟರ್ ಇದೆ, ಆದರೆ 300 ವಾಟಿನ ಹೀಟರ್ ಹಾಕಿದರೆ ಐದು ಗಂಟೆಗೆ ಬ್ಯಾಟರಿ ಮಲಗುತ್ತದೆ. ಹಾಗಾಗಿ ಕರೆಂಟ್ ಹೋದ ಕೂಡಲೇ ಹೀಟರ್, ದೊಡ್ಡ ಪಂಪು, ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಎಲ್ಲ ಬಂದ್ ಮಾಡಿ ಸಣ್ಣ ಏರ್ ಪಂಪು ಒಂದನ್ನೇ ಬಿಡುವುದು. ಟ್ಯಾಂಕಿಗೆ ಕಂಬಳಿ ಸುತ್ತುವುದು. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ ತೇಲಿಬಿಡುವುದು. ಇಷ್ಟು ಮಾಡಿದರೆ 26 ಡಿಗ್ರಿ ಇದ್ದದ್ದು ಬೆಳಗಾಗುವಷ್ಟರಲ್ಲಿ 23ಕ್ಕೆ ಇಳಿಯುತ್ತದೆ, ಮೀನು ತಡೆಯುತ್ತದೆ. ತಡೆಯದೆ ಇರುವುದು ಗಾಳಿ ನಿಂತರೆ. ಅಂದರೆ ಅಂಥ ರಾತ್ರಿ ಆ ಟ್ಯಾಂಕಿನ ಜೀವ ಇರುವುದು ಕಿರುಬೆರಳಿಗಿಂತ ಸಪೂರದ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ.

ಟ್ರಿಗರ್ ಅದನ್ನು ಕಚ್ಚಿ ತುಂಡು ಮಾಡಿತು. ನೀರಿನ ಮೇಲ್ಭಾಗದಿಂದ ಒಂದಂಗುಲ ಕೆಳಗೆ, ಕತ್ತರಿಯಲ್ಲಿ ಕೊಯ್ದ ಹಾಗೆ. ಗುಳ್ಳೆ ತಳದಿಂದ ಏಳುವ ಬದಲು ಮೇಲೆಯೇ ಬುಡುಬುಡು ಅಂತ ಒಡೆಯುತ್ತಿತ್ತು, ಕೆಳಗಿನ ನೀರು ಅಲ್ಲಾಡುತ್ತಲೇ ಇರಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಸುರಿಯುವಾಗ ಆ ಸದ್ದಿನ ವ್ಯತ್ಯಾಸ ಕೇಳುವುದಾದರೂ ಹೇಗೆ? ನೀರು ಕುಡಿಯಲು ಎದ್ದಿದ್ದೆ, ಬದುಕಿತು. ಹೊಸ ಪೈಪು ಹಾಕಿದೆ, ಮೂರನೇ ದಿನ ಮತ್ತೆ ತುಂಡು. ಪಿವಿಸಿ ಪೈಪಿನೊಳಗೆ ತೂರಿಸಿದೆ. ಕಲ್ಲು ಕಚ್ಚಿ ಎತ್ತಿ ಅದರ ಬುಡಕ್ಕೆ ಹಾಕಿ ಹಾಕಿ ಪಿವಿಸಿಯನ್ನೇ ವಾಲಿಸಿತು. ಪಿವಿಸಿಯನ್ನು ಗಾಜಿಗೆ ಅಂಟಿಸಿದ ಮೇಲೆ ಅದರ ಗಮನ ಹೀಟರಿನ ವಯರಿಗೆ ಹೋಯಿತು. ಒಂದು ಸಂಜೆ ಮನೆಯ ಟ್ರಿಪ್ಪರ್ ಬಿತ್ತು, ಎತ್ತಿದರೆ ಮತ್ತೆ ಬಿತ್ತು. ನೋಡಿದರೆ ವಯರಿನ ಮೇಲೆ ಹಲ್ಲಿನ ಗುರುತು. ಟ್ರಿಪ್ಪರ್ ಇಲ್ಲದಿದ್ದರೆ ಅವತ್ತು ನನ್ನ ಕೈ ಆ ನೀರಿನಲ್ಲಿ ಇರುತ್ತಿತ್ತು.

ತೇಲುವ ಬಿಸಿನೀರಿನ ಬಾಟಲಿಯನ್ನೂ ಬಿಟ್ಟಿರಲಿಲ್ಲ, ಟಕ್ ಟಕ್ ಅಂತ ಇಡೀ ರಾತ್ರಿ. ಅವ್ವ ಒಳಗಿಂದ, “ಇದೆಂತ ಮಾರಾಯ, ಮರಕುಟಿಗ ಸಾಕಿದ್ದೀಯಾ?” ಅಂದರು.

ಅದು ಇರುವಾಗಲೇ ಸಿಂಹಮೀನು ತಂದದ್ದು ನನ್ನ ಬುದ್ಧಿಗೇಡಿತನ. ಎರಡೇ ದಿನದಲ್ಲಿ ಟ್ರಿಗರ್ ಅದರ ರೆಕ್ಕೆಯ ಅಂಚನ್ನೆಲ್ಲ ಹರಿದು ಹಾಕಿತು. ಮಾರನೇ ವಾರವೇ ಟ್ರಿಗರನ್ನು ಅಂಗಡಿಗೆ ಸಾಗಿಸಿದೆ.

ಸಿಂಹಮೀನಿನದ್ದು ಗಂಭೀರ ಸ್ವಭಾವ. ಪೈಪು, ವಯರು ಯಾವುದನ್ನೂ ಮುಟ್ಟುವುದಿಲ್ಲ. ಜೀವಂತ ಮೀನು ಬಿಟ್ಟು ಬೇರೆ ತಿನ್ನಲಾರೆ ಅಂತ ಮೊದಲು ಹಟ ಹಿಡಿಯಿತು. ಕೆರೆಯ ಗಪ್ಪಿ ಹಾಕಿದರೆ ನುಂಗುತ್ತದೆ, ಆದರೆ ಸಿಹಿನೀರಿನ ಮೀನನ್ನೇ ಸದಾ ತಿನ್ನಿಸಿದರೆ ಕಾಲಕ್ರಮೇಣ ಅದರ ಲಿವರ್ ಕೆಡುತ್ತದೆ. ಕಡ್ಡಿಗೆ ಸಿಗಡಿ ಚುಚ್ಚಿ ಅದರ ಮೂತಿಯ ಮುಂದೆ ಅಲ್ಲಾಡಿಸಿ ಅಲ್ಲಾಡಿಸಿ ಮೂರು ವಾರಕ್ಕೆ ದಾರಿಗೆ ತಂದೆ.

ಅದನ್ನು ಕಳಿಸಿದ್ದಕ್ಕೆ ಕಾರಣ ಬೆನ್ನಿನ ಮೇಲಿನ 13 ವಿಷದ ಮುಳ್ಳು. ಹೊಟ್ಟೆಯ ಕಡೆಯೂ ಇವೆ. ಆ ವಿಷ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ಚುಚ್ಚಿದರೆ 45 ಡಿಗ್ರಿ ಒಳಗಿನ, ಚರ್ಮ ಸುಡದಷ್ಟು ಬಿಸಿನೀರಿನಲ್ಲಿ ಕೈ ಅದ್ದಿಟ್ಟು ಆಸ್ಪತ್ರೆಗೆ ಹೋಗಬೇಕು. ಬಿಸಿನೀರಿಗೆ ನಮ್ಮಲ್ಲಿ ಬರವಿಲ್ಲ, ಹಂಡೆ ಸದಾ ಕಾದಿರುತ್ತದೆ. ಆದರೆ ಮರ ಬಿದ್ದ ರಸ್ತೆಯಲ್ಲಿ ಮಡಿಕೇರಿ ಮುಟ್ಟುವುದು ಯಾವಾಗ? ಅದೂ ಅಲ್ಲದೆ ನಾನು ಕತ್ತಲಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಟ್ಯಾಂಕಿಗೆ ಕೈ ಹಾಕುವ ಜನ. ಅದು ಚುರುಕಾಗುವುದೂ ಕತ್ತಲಾದ ಮೇಲೆಯೇ. ಭಾವನಿಗೆ ಇಂಥ ಅಭ್ಯಾಸ ಇಲ್ಲ, ಕುಶಾಲನಗರದಲ್ಲಿ ಇಷ್ಟು ಮಳೆಯೂ ಇಲ್ಲ.

ಹಾವುಮೀನು ಅಂದರೆ ಸ್ನೋಫ್ಲೇಕ್ ಈಲ್, ಬಿಳಿ ಮೈಮೇಲೆ ಕಪ್ಪು ಚಿತ್ತಾರ, ಅಲ್ಲಲ್ಲಿ ಹಳದಿ ಚುಕ್ಕೆ. ಬೆಲೆ ಟ್ರಿಗರಿನ ಎರಡರಷ್ಟು. ಇದರ ಬಳಗದ ಮೀನುಗಳಿಗೆ ಗಂಟಲಲ್ಲಿ ಇನ್ನೊಂದು ದವಡೆ ಇರುತ್ತದೆ, ಹಿಡಿದದ್ದನ್ನು ಅದು ಮುಂದೆ ಬಂದು ಒಳಗೆಳೆದುಕೊಳ್ಳುತ್ತದೆ. ಆದರೂ ಇದರ ಹಲ್ಲು ಮೊಂಡು, ಏಡಿ ಸಿಗಡಿಯ ಚಿಪ್ಪು ಜಜ್ಜಲಿಕ್ಕೆ ಇರುವಂಥದ್ದು. ಕಣ್ಣು ಅಷ್ಟಕ್ಕಷ್ಟೆ, ಎಲ್ಲ ವಾಸನೆಯ ಮೇಲೆ. ಸಿಗಡಿ ಮುಟ್ಟಿದ ಕೈಯನ್ನು ನೀರಿಗೆ ಹಾಕಬಾರದು, ಚಿಮಟದಲ್ಲೇ ಕೊಡಬೇಕು. ಹಗಲೆಲ್ಲ ಕಲ್ಲಿನ ಸಂದಿಯಿಂದ ಮೂತಿ ಮಾತ್ರ ಹೊರಗೆ. (ಕಲ್ಲು ಸಿಮೆಂಟಿನದ್ದು. ಹವಳದ್ದು ಇಡುವಂತಿಲ್ಲ, ವನ್ಯಜೀವಿ ಕಾಯ್ದೆ ಇದೆ.)

ನನ್ನನ್ನು ಗೆದ್ದದ್ದು ಅದರ ಹೊಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಸಿಗಡಿ ಮುಟ್ಟಿದರೆ ಸುಡುವ ರೇಟು. ತಂದು ಫ್ರೀಜರಿನಲ್ಲಿ ಇಟ್ಟರೆ ಕರೆಂಟಿಲ್ಲದೆ ಎರಡೇ ದಿನಕ್ಕೆ ನಾರುತ್ತದೆ. ಟ್ರಿಗರಿಗೆ ದಿನವೂ ಬೇಕು. ಇದಕ್ಕೆ ವಾರಕ್ಕೆ ಎರಡು ಸಲ ಸಾಕು, ಒಂದು ವಾರ ತಪ್ಪಿದರೂ ತಕರಾರಿಲ್ಲ. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ನಮ್ಮ ಗದ್ದೆಯಲ್ಲಿ ಏಡಿಗೇನು ಬರ? ಔಷಧಿ ಹೊಡೆಯದ ಗದ್ದೆಯದ್ದು, ಅಡುಗೆಮನೆಗೆ ಬಂದದ್ದರಲ್ಲಿ ಎರಡು ಕಾಲಿನ ಮಾಂಸ ಅದಕ್ಕೆ. ಕಡಿಮೆ ತಿನ್ನುವುದರಿಂದ ನೀರೂ ಬೇಗ ಕೆಡುವುದಿಲ್ಲ. ಒಂದು ಸಲ 90 ಲೀಟರ್ ನೀರು ಬದಲಿಸಿದರೆ ಸಮುದ್ರದ ನೀರು ಮಾಡುವ ಪ್ಯಾಕೆಟ್ ಉಪ್ಪು ಮೂರು ಕಿಲೋ ಚಿಲ್ಲರೆ ಖರ್ಚು. ಟ್ರಿಗರ್ ಇದ್ದಾಗ ವಾರಕ್ಕೊಮ್ಮೆ ಬದಲಿಸುತ್ತಿದ್ದೆ, ಈಗ ಹದಿನೈದು ದಿನಕ್ಕೊಮ್ಮೆ.

ಇದರ ದೋಷ ತಪ್ಪಿಸಿಕೊಳ್ಳುವುದು. ಮುಚ್ಚಳದಲ್ಲಿ ಪೈಪಿಗೆ ಬಿಟ್ಟ ತೂತಿನಿಂದ ಒಮ್ಮೆ ಹೊರಬಿದ್ದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಅವ್ವ ಅದನ್ನು ಹಾವೆಂದೇ ತಿಳಿದು ಕೋಲು ಎತ್ತಿಕೊಂಡಿದ್ದರು. ಒದ್ದೆ ಗೋಣಿಯಲ್ಲಿ ಎತ್ತಿ ಬಿಟ್ಟೆ, ಏನೂ ಆಗದ ಹಾಗೆ ಸಂದಿ ಸೇರಿತು. ಈಗ ಆ ತೂತಿಗೆ ಸ್ಪಂಜು ತುರುಕಿ, ಮೇಲೆ ಒಂದು ಕಾಡುಕಲ್ಲು ಇಟ್ಟಿದ್ದೇನೆ.

ನಿಮಗೆ ಜನರೇಟರ್ ಇದೆ, ಟ್ಯಾಂಕು ಆರಡಿಯದ್ದು, ಹೀಟರ್ ಪೈಪು ಎಲ್ಲ ಹೊರಗಿನ ತೊಟ್ಟಿಯಲ್ಲಿ ಇಡುವ ಏರ್ಪಾಡಿದೆ ಅಂದರೆ ಟ್ರಿಗರೇ ತನ್ನಿ, ಅದರಷ್ಟು ಮಜಾ ಇವೆರಡೂ ಕೊಡುವುದಿಲ್ಲ. ನನ್ನ ಹತ್ತಿರ ಇರುವುದು ಒಂದು ಇನ್ವರ್ಟರ್, ಎರಡು ಕಂಬಳಿ. ಕೆಂಪು ಹಲ್ಲಿನ ಗುರುತಿರುವ ಆ ಪೈಪಿನ ತುಂಡು ಇನ್ನೂ ಟ್ಯಾಂಕಿನ ಪಕ್ಕದ ಮೊಳೆಗೆ ನೇತಾಡುತ್ತಿದೆ.