ಯೂಮ್ಯಾಪ್ ಮೂರು ವರ್ಷ ಬಳಸಿದ್ದೇನೆ: ಶಾಲೆ ಮಕ್ಕಳ ದಾರಿಯನ್ನು ಅಧಿಕಾರಿಗಳಿಗೆ ತೋರಿಸೋಕೆ ಇದು ಸಾಕಾ?

ಸಾಕು. ಆದರೆ ನಕ್ಷೆ ಮಾಡುವ ಮೊದಲು ಆ ದಾರಿಯಲ್ಲಿ ನೀವು ನಡೆದಿರಬೇಕು.

ನಾನು ಹಾವೇರಿ ಜಿಲ್ಲೆಯವಳು. ವರದಾ ನದಿ ಕಡೆಯ ಒಂದು ಊರಿನ ಪ್ರೌಢಶಾಲೆಗೆ ಸುತ್ತಲಿನ ಆರು ಹಳ್ಳಿಗಳ ಮಕ್ಕಳು ಬರುತ್ತಾರೆ. ನನ್ನ ಮಗಳೂ ಅಲ್ಲೇ ಓದಿದಳು. ಬೆಳಗಿನ ಮೊದಲ ಬಸ್ಸು ತೀರಾ ಬೇಗ, ಎರಡನೆಯದು ಪ್ರಾರ್ಥನೆ ಮುಗಿದ ಮೇಲೆ. ಹಾಗಾಗಿ ಅರ್ಧಕ್ಕರ್ಧ ಮಕ್ಕಳು ನಡೆದೇ ಬರುತ್ತಿದ್ದರು. ನಾವು ತಾಯಂದಿರು ಎರಡು ವರ್ಷ ಅರ್ಜಿ ಕೊಟ್ಟೆವು. ಪ್ರತಿ ಸಲ "ಪರಿಶೀಲಿಸಲಾಗುವುದು" ಅಂತ ಒಂದು ಸಾಲಿನ ಉತ್ತರ. 2022ರ ಜೂನ್‌ನಲ್ಲಿ ನನ್ನ ತಮ್ಮ ಹೇಳಿದ, "ಅಕ್ಕಾ, ಬರೆದು ಕೊಟ್ರೆ ಓದೋರಿಲ್ಲ, ನಕ್ಷೆ ಮಾಡಿ ತೋರಿಸು." ಅಲ್ಲಿಂದ ಶುರು.

ಯೂಮ್ಯಾಪ್ ಅಂದರೇನು ಅಂತ ಗೊತ್ತಿಲ್ಲದವರಿಗೆ: ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕ್ಷೆ ಇದೆ, 2004ರಿಂದ ಜಗತ್ತಿನ ಜನರೇ ಸೇರಿಸುತ್ತಾ ಬಂದದ್ದು. ಅದನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಅದರ ಮೇಲೆ ನಮ್ಮ ಗುರುತು, ಗೆರೆ, ಬಣ್ಣ ಹಾಕಿ ಲಿಂಕ್ ಹಂಚೋಕೆ ಇರುವ ಉಚಿತ ಸಾಧನ ಯೂಮ್ಯಾಪ್. ಖಾತೆ ತೆರೆಯದೆಯೂ ನಕ್ಷೆ ಮಾಡಬಹುದು. ಆಗ ತಿದ್ದೋಕೆ ಒಂದು ಗುಟ್ಟಿನ ಲಿಂಕ್ ಕೊಡುತ್ತದೆ. ಅದನ್ನು ಕಳೆದುಕೊಂಡರೆ ಕಷ್ಟ. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ಮಾಡಿಕೊಂಡು ಲಾಗಿನ್ ಆಗೇ ಶುರು ಮಾಡಿ, ಐದು ನಿಮಿಷದ ಕೆಲಸ.

ಮೊದಲು ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಮಾಡಿದ್ದೆವು. ಅದು ಸುಲಭ, ಎಲ್ಲರಿಗೂ ಪರಿಚಯದ ಮುಖ. ಆದರೆ ಒಂದು ನಕ್ಷೆಗೆ 10 ಪದರ (ಒಂದರ ಮೇಲೊಂದು ಕೂರುವ ಗುರುತುಗಳ ಗುಂಪು), ಒಂದು ಪದರಕ್ಕೆ 2,000 ಗುರುತು ಅಂತ ಮಿತಿ ಇದೆ. ಅದರ ಆಂಡ್ರಾಯ್ಡ್ ಆ್ಯಪ್ 2021ರಲ್ಲೇ ನಿಂತುಹೋಗಿದೆ. ಆರು ಹಳ್ಳಿಗೆ ಆ ಮಿತಿ ತೊಂದರೆ ಅಲ್ಲ, ನಿಜ. ನಾವು ಬಿಟ್ಟಿದ್ದು ಬೇರೆ ಕಾರಣಕ್ಕೆ. ನಮ್ಮ ಮಕ್ಕಳು ನಡೆಯುವ ಬಂಡಿದಾರಿ ಅದರ ಹಿನ್ನೆಲೆಯಲ್ಲಿ ಇರಲೇ ಇಲ್ಲ, ಸೇರಿಸೋಕೆ ನಮಗೆ ಅವಕಾಶವೂ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಆಗ ಇರಲಿಲ್ಲ, ಊರಿನ ಹೆಸರು, ಡಾಂಬರು ರಸ್ತೆ ಬಿಟ್ಟರೆ ಬರೀ ಖಾಲಿ. ಆದರೆ ಇಲ್ಲಿ ನಾವೇ ಎಳೆಯಬಹುದಿತ್ತು. ಉಪಗ್ರಹ ಚಿತ್ರ ನೋಡಿಕೊಂಡು ತಮ್ಮ ಎರಡು ಭಾನುವಾರ ಕೂತು ಹಳ್ಳ, ಬಂಡಿದಾರಿ, ಗುಡಿ, ಬಾವಿ ಎಲ್ಲಾ ಹಾಕಿದ. ಊರಿನ ಹೆಸರನ್ನು ಕನ್ನಡದಲ್ಲೂ ಸೇರಿಸಿದ. ನಮ್ಮ ಅರ್ಜಿ ಮುಗಿದರೂ ಆ ದಾರಿ ನಕ್ಷೆಯಲ್ಲಿ ಇರುತ್ತದೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ ಅಲ್ವಾ.

ಈಗ ನಡೆದ ದಿನದ ಮಾತು. ಜುಲೈ ತಿಂಗಳು, ಹಿಂದಿನ ರಾತ್ರಿ ಮಳೆ. ಮೂವರು ಹುಡುಗಿಯರ ಜೊತೆ ನಾನೂ ಹೊರಟೆ. ಫೋನಿನಲ್ಲಿ ಓಸ್ಮ್‌ಆಂಡ್ ಅನ್ನೋ ಆ್ಯಪ್ ಹಾಕಿದ್ದೆ, ನಕ್ಷೆ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆದ ದಾರಿಯನ್ನು ದಾಖಲಿಸುತ್ತದೆ. ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಸೇರು ಭಾರ. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದರು, ಚೂಡಿದಾರದ ಪ್ಯಾಂಟು ಮೊಣಕಾಲಿನವರೆಗೆ ಮಡಚಿದರು. ಹಳ್ಳದ ಹತ್ತಿರ ದೊಡ್ಡವಳು ಮೊದಲು ಇಳಿದು, ನೀರು ಎಲ್ಲಿಯವರೆಗೆ ಬರುತ್ತದೆ ಅಂತ ನೋಡಿ, ಚಿಕ್ಕವರ ಚೀಲಗಳನ್ನು ತನ್ನ ತಲೆ ಮೇಲೆ ಹೊತ್ತು ದಾಟಿಸಿದಳು. ಆಚೆ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂತು ಕಾಲು ತೊಳೆದುಕೊಂಡರು. ಆ ಕಲ್ಲು ಅವರಿಗೆ ದಿನದ ಜಾಗ, ಕೂರುವ ಕ್ರಮ ಕೂಡ ಗೊತ್ತಾಗಿಹೋಗಿತ್ತು. ಶಾಲೆ ಮುಟ್ಟಿದಾಗ 4.2 ಕಿಲೋಮೀಟರ್, ಒಂದು ತಾಸು ಐದು ನಿಮಿಷ. ನಮ್ಮ ಅರ್ಜಿಗೆ ಬಂದಿದ್ದ ಉತ್ತರದಲ್ಲಿ "ಸುಮಾರು ಎರಡೂವರೆ ಕಿ.ಮೀ." ಅಂತ ಇತ್ತು. ನಕ್ಷೆ ಮೇಲೆ ಊರಿಂದ ಶಾಲೆಗೆ ನೇರ ಗೆರೆ ಎಳೆದರೆ ಅಷ್ಟೇ ಬರುತ್ತದೆ. ಮಕ್ಕಳು ಹಕ್ಕಿಗಳಲ್ಲವಲ್ಲ.

ಆ ದಾರಿಯ ಕಡತವನ್ನು ಯೂಮ್ಯಾಪ್‌ಗೆ ಹಾಗೇ ತುಂಬಿಸಬಹುದು. ಗೆರೆಯ ಉದ್ದವನ್ನು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಕೆಂಪು ಗೆರೆ ನಡೆಯುವ ದಾರಿ, ನೀಲಿ ಗೆರೆ ಬಸ್ಸಿನ ದಾರಿ, ಹಳ್ಳ ದಾಟುವಲ್ಲಿ ಒಂದು ಗುರುತು. ಹಳ್ಳಿಯ ಹೆಸರು ಒತ್ತಿದರೆ ಸಣ್ಣ ಕಿಟಕಿ ತೆರೆಯುತ್ತದೆ: ಎಷ್ಟು ಮಕ್ಕಳು, ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ. ಇದಕ್ಕಿಂತ ಜಾಸ್ತಿ ಹಾಕಬೇಡಿ. ನಾವು ಮೊದಲು ಹದಿನೈದು ಬಣ್ಣ ಹಾಕಿ ಯಾರಿಗೂ ಅರ್ಥ ಆಗದ ಹಾಗೆ ಮಾಡಿದ್ದೆವು.

ತಾಂತ್ರಿಕವಾಗಿ ಎರಡು ಕಡೆ ಎಡವಿದೆವು. ಒಂದು, ಶಾಲೆಯಿಂದ ಸಿಕ್ಕ ಮಕ್ಕಳ ಪಟ್ಟಿ ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿತ್ತು. ಯೂನಿಕೋಡ್ (ಎಲ್ಲಾ ಕಂಪ್ಯೂಟರಿನಲ್ಲೂ ಒಂದೇ ಥರ ಓದಲಾಗುವ ಅಕ್ಷರ ಸಂಕೇತ) ಅಲ್ಲದ್ದನ್ನು ಅಂಟಿಸಿದರೆ ನಕ್ಷೆಯಲ್ಲಿ ಕನ್ನಡ ಬರುವುದಿಲ್ಲ, ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಪಟ್ಟಿಯನ್ನು ಸಿಎಸ್‌ವಿ ಅನ್ನೋ ಸರಳ ಕಡತವಾಗಿ ಉಳಿಸುವಾಗ ಯುಟಿಎಫ್-8 ಅಂತ ಆರಿಸಿ. ಇನ್ನೊಂದು, ಅಕ್ಷಾಂಶ ರೇಖಾಂಶ ಅದಲುಬದಲಾದದ್ದು. ಹಾವೇರಿ ಇರುವುದು ಸುಮಾರು 14.8 ಉತ್ತರ, 75.4 ಪೂರ್ವದಲ್ಲಿ. ಕಾಲಂ ತಿರುಗಿ ಹೋದರೆ ಗುರುತುಗಳೆಲ್ಲಾ ನಾರ್ವೆಯ ಉತ್ತರದ ಸಮುದ್ರದಲ್ಲಿ ಕೂರುತ್ತವೆ. ನಕ್ಷೆ ಖಾಲಿ ಕಂಡರೆ ಗಾಬರಿ ಬೇಡ, ಮೊದಲು ಇದನ್ನು ನೋಡಿ. ನಕ್ಷೆ ಮಾಹಿತಿ ಇಡುವ ಇನ್ನೊಂದು ಬಗೆಯಾದ ಜಿಯೋಜೇಸನ್ ಕಡತದಲ್ಲಂತೂ ರೇಖಾಂಶವೇ ಮೊದಲು ಬರೆಯುವ ನಿಯಮ.

ಇನ್ನು ನನಗೆ ಇವತ್ತಿಗೂ ಮನಸ್ಸಿನಲ್ಲಿರುವ ತಪ್ಪು. ಶುರುವಿನಲ್ಲಿ ಪ್ರತಿ ಮಗುವಿನ ಮನೆಗೂ ಒಂದೊಂದು ಚುಕ್ಕಿ ಹಾಕಿದ್ದೆವು, ಪಕ್ಕದಲ್ಲಿ ಹೆಸರು, ತರಗತಿ. ಲಿಂಕ್ ವಾಟ್ಸ್ಆ್ಯಪ್ ಗುಂಪಿಗೂ ಹೋಯಿತು. ಮರುದಿನ ಒಬ್ಬ ಅಜ್ಜಿ ನಮ್ಮ ಮನೆಗೇ ಬಂದರು. ಕಟ್ಟೆ ಮೇಲೆ ಕೂತು, ನೀರು ಕುಡಿದು, ನಿಧಾನಕ್ಕೆ ಕೇಳಿದರು: "ಯವ್ವಾ, ನಮ್ ಹುಡುಗಿ ಮನಿ ಯಾವ್ದು, ಯಾವ ದಾರಿಲೆ ಎಷ್ಟೊತ್ತಿಗೆ ಒಬ್ಬಾಕೀನ ಹೋಗ್ತಾಳ, ಇದನ್ನ ಊರ ಮಂದಿಗೆಲ್ಲಾ ಹೇಳಾಕತ್ತೀಯೇನು?" ನನಗೆ ಮಾತೇ ಹೊರಡಲಿಲ್ಲ. ಆಕೆ ಓದಿದವರಲ್ಲ, ಆದರೆ ನಾವು ನಾಲ್ಕು ಜನ ಸೇರಿ ನೋಡದೇ ಇದ್ದದ್ದನ್ನು ನೋಡಿದ್ದರು. ಅವತ್ತೇ ಆ ಪದರ ಪೂರ್ತಿ ತೆಗೆದೆವು. ಹಳೇ ಲಿಂಕಿನ ನಕ್ಷೆಯನ್ನೇ ಅಳಿಸಿ ಹೊಸದು ಮಾಡಿದೆವು, ಯಾಕೆಂದರೆ ಯೂಮ್ಯಾಪ್ ಪದರದ ಹಳೇ ಪ್ರತಿಗಳನ್ನೂ ಇಟ್ಟುಕೊಂಡಿರುತ್ತದೆ. ಈಗ ಊರಿಗೆ ಒಂದೇ ಗುರುತು, ಬರೀ ಸಂಖ್ಯೆ. ನಡೆಯುವ ದಾರಿಯನ್ನೂ ಊರಿನ ಅಗಸೆ ಬಾಗಿಲಿಂದ ಶುರು ಮಾಡಿದ್ದೇವೆ, ಯಾರ ಮನೆ ಬಾಗಿಲಿಂದಲೂ ಅಲ್ಲ. ಮಕ್ಕಳ ವಿಷಯದ ನಕ್ಷೆ ಮಾಡುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಮನೆ ಹಾಕಬೇಡಿ, ಹೆಸರು ಹಾಕಬೇಡಿ. ಅಧಿಕಾರಿಗೆ ಬೇಕಾದದ್ದು ಸಂಖ್ಯೆ ಅಷ್ಟೇ.

ಒಂದು ಅಡ್ಡದಾರಿ ಒಬ್ಬರ ಹೊಲದ ಮಧ್ಯೆ ಹೋಗುತ್ತಿತ್ತು. ಅದನ್ನು ದಾರಿ ಅಂತ ತೋರಿಸಬಹುದಾ? ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಇದಕ್ಕೆ ಬಹಳ ಉಪಯೋಗ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನೋಡಿದರೆ ಅದು ಖಾಸಗಿ ನಂಬರಿನ ಒಳಗೇ ಇತ್ತು. ಹೊಲದ ಮಾಲೀಕರು "ಹುಡುಗರು ಹೋಗಲಿ, ನನಗೇನು ತಕರಾರಿಲ್ಲ, ಆದ್ರ ನಕಾಶದಾಗ ದಾರಿ ಅಂತ ಬರೀಬ್ಯಾಡ್ರಿ" ಅಂದರು. ಬರೆಯಲಿಲ್ಲ. ನಂಬಿಕೆ ಕೆಟ್ಟರೆ ಇರುವ ದಾರಿಯೂ ಮುಚ್ಚುತ್ತದೆ.

ನಕ್ಷೆಯನ್ನು ಮೊದಲು ತೋರಿಸಿದ್ದು ಮಕ್ಕಳ ಗ್ರಾಮ ಸಭೆಯಲ್ಲಿ. ಮಕ್ಕಳೇ ಎದ್ದು ನಿಂತು "ಈ ಗೆರೆ ತಪ್ಪು, ಮಳೆಗಾಲದಲ್ಲಿ ನಾವು ಆ ಕಡೆಯಿಂದ ಸುತ್ತಿ ಬರುತ್ತೇವೆ" ಅಂತ ತಿದ್ದಿಸಿದರು. ಹಾಗಾಗಿ ಈಗ ಎರಡು ಪದರ, ಬೇಸಿಗೆ ದಾರಿ, ಮಳೆಗಾಲದ ದಾರಿ. ಪಂಚಾಯಿತಿಯಲ್ಲಿ ಠರಾವು ಆಯಿತು. ಆಮೇಲೆ ತಾಲ್ಲೂಕು ಮಟ್ಟದ ಸಭೆ. ಅಲ್ಲಿ ಪ್ರೊಜೆಕ್ಟರ್ ಹತ್ತಲಿಲ್ಲ. ಪುಣ್ಯಕ್ಕೆ ಎ3 ಹಾಳೆಯಲ್ಲಿ ಬಣ್ಣದ ಮುದ್ರಣ ಮಾಡಿಸಿಕೊಂಡು ಹೋಗಿದ್ದೆವು, ಮೂಲೆಯಲ್ಲಿ ಕ್ಯೂಆರ್ ಕೋಡ್. ಕಾಗದ ಯಾವತ್ತೂ ಜೊತೆಗಿರಲಿ. ಅದರ ಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಉಳಿಸಿ, ಅದು ಪರವಾನಗಿಯ ಶರತ್ತು.

ಸಾಹೇಬರು ಕೋಡ್ ಸ್ಕ್ಯಾನ್ ಮಾಡಿ ಮೊದಲು ನೋಡಿದ್ದು ನಮ್ಮ ಊರನ್ನಲ್ಲ. ಪಕ್ಕದ ಹಳ್ಳಿ, ಅವರ ಅಕ್ಕನನ್ನು ಕೊಟ್ಟ ಊರಂತೆ. ಬೆರಳಲ್ಲಿ ದೊಡ್ಡದು ಮಾಡಿ, ಹಳ್ಳದ ಗುರುತು ಒತ್ತಿ, "ಇಲ್ಲಿ ಸಿಡಿ ಇಲ್ಲೇನ್ರಿ? ಮಕ್ಕಳು ನೀರಾಗ ಇಳೀತಾರ?" ಅಂತ ಕೇಳಿದರು. ಸಿಡಿ ಅಂದರೆ ಹಳ್ಳದ ಮೇಲೆ ಕಟ್ಟುವ ಸಣ್ಣ ಸೇತುವೆ. ನಾವು ಏನೂ ಹೇಳಬೇಕಾಗಲಿಲ್ಲ. ಅರ್ಜಿಯಲ್ಲಿ ನಾವು ಇದನ್ನೇ ಮೂರು ಸಲ ಬರೆದಿದ್ದೆವು, ಆದರೆ ತಾವೇ ಹುಡುಕಿ ಕಂಡದ್ದು ಬೇರೆಯೇ. ನಾನು ಈ ಸಾಧನವನ್ನು ಇಷ್ಟು ಹೊಗಳುವುದಕ್ಕೆ ಆ ಹತ್ತು ನಿಮಿಷವೇ ಕಾರಣ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹುಡುಗಿಯರಿಗೆ ಟಿಕೆಟ್ ಖರ್ಚು ತಪ್ಪಿತು. ತುಂಬಾ ಒಳ್ಳೆಯದು. ಆದರೆ ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಕೂಡದಿದ್ದರೆ ಉಚಿತ ಟಿಕೆಟ್ ಇದ್ದೂ ನಡೆಯಬೇಕು. ಈ ಮಾತನ್ನು ನಕ್ಷೆಯಲ್ಲಿ ಬಸ್ಸಿನ ಸಮಯದ ಜೊತೆಗೇ ಇಟ್ಟೆವು. ಆ ವರ್ಷ ದಸರೆ ರಜೆ ಮುಗಿದ ಮೇಲೆ ಎರಡನೇ ಬಸ್ಸು ಐವತ್ತು ನಿಮಿಷ ಮುಂಚೆ ಬರತೊಡಗಿತು. ನಾಲ್ಕು ಹಳ್ಳಿಯ ಮಕ್ಕಳು ಈಗ ಅದರಲ್ಲೇ ಬರುತ್ತಾರೆ. ನಕ್ಷೆಯೊಂದರಿಂದಲೇ ಆಯಿತು ಅಂತ ಹೇಳಲಾರೆ. ಠರಾವು ಇತ್ತು, ಮುಖ್ಯ ಗುರುಗಳ ಪತ್ರ ಇತ್ತು, ತಾಯಂದಿರು ಬಿಡದೆ ಓಡಾಡಿದರು. ಆದರೆ ಎಲ್ಲರ ಕೈಯಲ್ಲೂ ಒಂದೇ ನಕ್ಷೆ ಇತ್ತು, ಮಾತು ಊರಿಗೊಂದು ಥರ ಆಗಲಿಲ್ಲ.

ಕೊರತೆಗಳು ಇವೆ. ಫೋಟೋ ನೇರ ಏರಿಸಲಾಗದು, ಬೇರೆ ಕಡೆ ಇಟ್ಟು ಅದರ ಕೊಂಡಿ ಕೊಡಬೇಕು. ಸಣ್ಣ ಫೋನಿನಲ್ಲಿ ನೋಡೋಕೆ ಚೆನ್ನ, ತಿದ್ದೋಕೆ ಕಷ್ಟ, ಕಂಪ್ಯೂಟರ್ ಬೇಕೇ ಬೇಕು. "ಎಲ್ಲರೂ ತಿದ್ದಬಹುದು" ಅಂತ ಇಟ್ಟರೆ ಯಾರದೋ ಬೆರಳು ತಾಗಿ ಹಳ್ಳವೇ ಮಾಯವಾಗಬಹುದು. ನಮಗೆ ಹಾಗಾಗಿತ್ತು, ಹಳೇ ಪ್ರತಿಯಿಂದ ವಾಪಸ್ ತಂದೆವು. ಈಗ ತಿದ್ದುವ ಹಕ್ಕು ಇಬ್ಬರಿಗೆ ಮಾತ್ರ, ತಿಂಗಳಿಗೊಮ್ಮೆ ಪೂರ್ತಿ ಕಡತ ಇಳಿಸಿ ಇಡುತ್ತೇವೆ. ಇನ್ನೊಂದು, ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು ಐದು ಮೀಟರ್ ಅತ್ತಿತ್ತ ಆಗುತ್ತದೆ, ಮರಗಳ ಕೆಳಗೆ ಇನ್ನೂ ಜಾಸ್ತಿ. ದಾರಿ ತೋರಿಸೋಕೆ ಸಾಕು, ಹೊಲದ ಬದುವಿನ ಜಗಳಕ್ಕೆ ಇದನ್ನು ಸಾಕ್ಷಿ ಮಾಡಬೇಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನನ್ನ ಮಗಳು ಈಗ ಪಿಯುಸಿಗೆ ಹಾವೇರಿಗೆ ಹೋಗುತ್ತಾಳೆ, ಆದರೂ ನಕ್ಷೆ ಬಿಟ್ಟಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಎಂಟನೇ ತರಗತಿಗೆ ಬಂದವರ ಸಂಖ್ಯೆ ಹಾಕಬೇಕು, ಹಳೇ ಸಂಖ್ಯೆ ಇಟ್ಟುಕೊಂಡು ಹೋದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ಸಂಜೆ ಬಸ್ಸು ಇನ್ನೂ ಆಗಿಲ್ಲ. ಹಳ್ಳದ ಆಚೆಯ ಎರಡು ಊರಿನ ಕೆಂಪು ಗೆರೆ ಹಾಗೇ ಇದೆ. ಮುಂದಿನ ವಾರ ಆ ದಾರಿಯನ್ನು ಸಂಜೆ ಹೊತ್ತಿನಲ್ಲಿ ಮತ್ತೆ ನಡೆದು ನೋಡಬೇಕು, ಕತ್ತಲಾಗೋದು ಎಲ್ಲಿ ಅಂತ ಗುರುತು ಹಾಕಬೇಕು.